ಎರಡೂವರೆ ಲಕ್ಷ ಕಿಲೋಮೀಟರ್ ಓಡಿದ ಹೋಂಡಾ ಸಿಟಿ ಕಾರು: ಮನೆಯಲ್ಲೇ ರಿಪೇರಿ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು 2006ರ ಹೋಂಡಾ ಸಿಟಿ ಜಡ್‌ಎಕ್ಸ್. ಐ-ಡಿಎಸ್‌ಐ ಎಂಜಿನ್ (ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್ ಇರುವುದು), 1497 ಸಿಸಿ, ಮ್ಯಾನುಯಲ್ ಗೇರು. ಮೀಟರ್ 2,46,000 ದಾಟಿದೆ. ಶಿವಮೊಗ್ಗದಲ್ಲಿ ಮನೆ ಮುಂದಿನ ಶೀಟಿನ ಕೆಳಗೆ ನಿಲ್ಲುತ್ತದೆ. ಹನ್ನೊಂದು ವರ್ಷದಿಂದ ಅದರ ಬಹುಪಾಲು ಕೆಲಸ ನಾನೇ ಮಾಡಿಕೊಂಡು ಬಂದಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಹೈಸ್ಕೂಲು ಮೇಷ್ಟ್ರು. ನೆಂಟರು, ಜೊತೆಯ ಮೇಷ್ಟ್ರುಗಳು, ಹಳೇ ವಿದ್ಯಾರ್ಥಿಗಳು, ಮುಖ ನೋಡದೇ ಇದ್ದವರೂ ಕೂಡ ಪತ್ರ ಬರೆದು ಕೇಳುತ್ತಾರೆ. ಕೇಳುವುದು ಹೆಚ್ಚೂಕಡಿಮೆ ಇವೇ ಪ್ರಶ್ನೆಗಳು. ಉತ್ತರ ಬರೆದಿರುವುದು ಸಿಟಿಯನ್ನು ಮುಂದಿಟ್ಟುಕೊಂಡೇ. ಆದರೆ ಎಸ್ಟೀಮ್, ಆಕ್ಸೆಂಟ್, ಡಿಜೈರ್ ಇಟ್ಟುಕೊಂಡವರಿಗೂ ಜಾಸ್ತಿ ಭಾಗ ಹೊಂದುತ್ತದೆ.

## ಶುರು ಮಾಡುವವರಿಗೆ

ಇಷ್ಟು ಹಳೇ ಗಾಡಿಗೆ ದುಡ್ಡು ಸುರಿಯೋದು ದಂಡ ಅಲ್ವಾ? ಮಾರಿಬಿಡಬಾರದಾ?

ಎಷ್ಟು ಓಡಿದೆ ಅನ್ನುವುದಕ್ಕಿಂತ ಬಾಡಿ ಹೇಗಿದೆ ಅನ್ನುವುದು ಮುಖ್ಯ. ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲವನ್ನೂ ಬಿಚ್ಚಿ ಬದಲಾಯಿಸಬಹುದು. ತಳವೇ ತುಕ್ಕು ಹಿಡಿದಿದ್ದರೆ ಅದರ ಮೇಲೆ ಏನು ಕೂರಿಸಿದರೂ ನಿಲ್ಲುವುದಿಲ್ಲ. ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ಜಾಗದ ತಗಡು, ಮುಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಜಾಗ, ಈ ಮೂರು ಕಡೆ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ ನೋಡಿ. ಟಣ್ ಅಂದರೆ ಗಟ್ಟಿ. ಬೊದ್ ಅಂದರೆ ಬಣ್ಣದ ಹಿಂದೆ ತಗಡು ಉಳಿದಿಲ್ಲ. ಅಂಥ ಗಾಡಿಯನ್ನು ಮಾರಿಬಿಡಿ ಎಂದೇ ನಾನು ಹೇಳುತ್ತೇನೆ.

ತಳ ಗಟ್ಟಿಯಿದ್ದರೆ ಇಟ್ಟುಕೊಳ್ಳಿ. ಈ ಸಿಟಿಯಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಆಯಿಲ್ ಸರಿಯಾಗಿ ಬದಲಾಯಿಸಿದ್ದರೆ ಅದು ಎಂಜಿನ್ ಇರುವ ತನಕ ಬರುತ್ತದೆ. ಪವರ್ ಸ್ಟಿಯರಿಂಗ್ ಕರೆಂಟಿನದು, ಹಾಗಾಗಿ ಅದರ ಆಯಿಲ್ ಸೋರುವ ತಲೆನೋವೂ ಇಲ್ಲ.

ನಾನು ಪಾನಾ ಹಿಡಿದವನೇ ಅಲ್ಲ. ಎಲ್ಲಿಂದ ಶುರು ಮಾಡಲಿ?

ನೋಡುವುದರಿಂದ. ಒಂದು ತಿಂಗಳು ಏನನ್ನೂ ಬಿಚ್ಚಬೇಡಿ. ವಾರಕ್ಕೊಮ್ಮೆ ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ, ಬಾನೆಟ್ ಎತ್ತಿ ಟಾರ್ಚ್ ಹಾಕಿ. ಆಯಿಲ್ ಕಡ್ಡಿ ಎಳೆದು ಒರೆಸಿ, ಮತ್ತೆ ಹಾಕಿ ನೋಡಿ. ಕೂಲೆಂಟ್ ಡಬ್ಬಿಯ ಗೆರೆ, ಬ್ರೇಕ್ ಆಯಿಲ್ ಡಬ್ಬಿಯ ಗೆರೆ ನೋಡಿ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ತಾರೀಖು, ಕಿಲೋಮೀಟರ್, ಕಂಡದ್ದು.

ರಾತ್ರಿ ಗಾಡಿ ಕೆಳಗೆ ದೊಡ್ಡ ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲಿನ ಕಲೆ ಬಹಳ ಹೇಳುತ್ತದೆ. ಕಪ್ಪು ಅಥವಾ ಕಂದು ಜಿಡ್ಡು ಎಂಜಿನ್ನಿನದೋ ಗೇರ್‌ಬಾಕ್ಸಿನದೋ ಆಯಿಲ್. ನೀಲಿ, ಹಸಿರು, ಕೆಂಪು ಬಣ್ಣದ ಜಾರುವ ನೀರು ಕೂಲೆಂಟ್. ಚಕ್ರದ ಒಳಬದಿಯ ನೇರಕ್ಕೆ ಎಣ್ಣೆಯಂಥ ತೆಳು ದ್ರವ ಬಿದ್ದಿದ್ದರೆ ಬ್ರೇಕ್ ಆಯಿಲ್ ಇರಬಹುದು. ಆ ದಿನ ಗಾಡಿ ತೆಗೆಯಬೇಡಿ. ಬಣ್ಣವಿಲ್ಲದ ಬರೀ ನೀರಾದರೆ ಎಸಿಯದು, ಅದಕ್ಕೆ ಹೆದರಬೇಕಿಲ್ಲ.

ಆಮೇಲೆ ಏರ್ ಫಿಲ್ಟರ್, ವೈಪರ್ ಬ್ಲೇಡ್, ಬ್ಯಾಟರಿ ಟರ್ಮಿನಲ್. ಬ್ಯಾಟರಿಯ ಪ್ಲಸ್ ಮೈನಸ್ ಅದಲುಬದಲು ಮಾಡದಿದ್ದರೆ ಈ ಮೂರರಲ್ಲಿ ಸಣ್ಣ ತಪ್ಪಾದರೂ ಗಾಡಿ ಕೆಡುವುದು ಕಡಿಮೆ, ಕೈಗೆ ಧೈರ್ಯ ಬರುತ್ತದೆ.

ಯಾವ್ಯಾವ ಟೂಲ್ ಬೇಕು? ನೂರು ಪೀಸಿನ ಸೆಟ್ ತಗೊಂಡ್ರೆ ಸಾಕಾ?

ಸೆಟ್ ಬೇಡ. ಹೋಂಡಾದಲ್ಲಿ ಬಹುತೇಕ ಕೆಲಸ 10, 12, 14, 17, 19 ನಂಬರಿನಲ್ಲೇ ಮುಗಿಯುತ್ತದೆ. ಈ ಐದು ಅಳತೆಯ ರಿಂಗ್ ಪಾನಾ ಮತ್ತು ಆರು ಮೂಲೆಯ ಸಾಕೆಟ್ ತೆಗೆದುಕೊಳ್ಳಿ. ಹನ್ನೆರಡು ಮೂಲೆಯ ಸಾಕೆಟ್ ಹಳೇ ಬೋಲ್ಟಿನ ತಲೆಯನ್ನು ಸವೆಸಿಬಿಡುತ್ತದೆ. ಒಂದು ಉದ್ದನೆ ರಾಡು, ಒಂದು ಮಲ್ಟಿಮೀಟರ್, ಎರಡು ಜಾಕ್ ಸ್ಟ್ಯಾಂಡ್, ತುಕ್ಕು ಬಿಡಿಸುವ ಸ್ಪ್ರೇ. ಬೆಂಗಳೂರಿಗೆ ಹೋದಾಗ ಎಸ್‌ಜೆಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ.

ನಾನು ತಡವಾಗಿ ತೆಗೆದುಕೊಂಡು ಪಶ್ಚಾತ್ತಾಪ ಪಟ್ಟಿದ್ದು ಟಾರ್ಕ್ ರೆಂಚ್. ಬೋಲ್ಟ್ ಎಷ್ಟು ಬಿಗಿಯಬೇಕು ಅಂತ ಕೈಗೆ ಗೊತ್ತಾಗುತ್ತದೆ ಅನ್ನುವುದು ಮೂವತ್ತು ವರ್ಷ ಅದೇ ಕೆಲಸ ಮಾಡಿದವರ ಮಾತು. ಈ ಗಾಡಿಯ ಚಕ್ರದ ನಟ್ಟಿಗೆ 108 ನ್ಯೂಟನ್ ಮೀಟರ್ ಬೇಕು, ಸ್ಪಾರ್ಕ್ ಪ್ಲಗ್‌ಗೆ ಬರೀ 18. ಎರಡಕ್ಕೂ ಒಂದೇ ಕೈ, ಅಂದಾಜು ತಪ್ಪದೇ ಇರುತ್ತದಾ?

ಜಾಕಿ ಹಾಕಿ ಕೆಳಗೆ ನುಗ್ಗಬಹುದಾ? ಐದು ನಿಮಿಷದ ಕೆಲಸ ಅಷ್ಟೇ.

ಬೇಡ. ಅರ್ಧ ನಿಮಿಷಕ್ಕೂ ಬೇಡ. ಡಿಕ್ಕಿಯಲ್ಲಿರುವ ಜಾಕಿ ಇರುವುದು ಚಕ್ರ ಬದಲಾಯಿಸಲು ಮಾತ್ರ. ಗಟ್ಟಿ, ಸಮನಾದ ನೆಲದಲ್ಲಿ ನಿಲ್ಲಿಸಿ. ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಎತ್ತಿದ ಮೇಲೆ ಸ್ಟ್ಯಾಂಡ್ ಇಟ್ಟು ಭಾರ ಅದರ ಮೇಲೆ ಬಿಡಿ. ಕೈಯಿಂದ ಗಾಡಿಯನ್ನು ಜೋರಾಗಿ ಅಲ್ಲಾಡಿಸಿ ನೋಡಿ. ಆಮೇಲೂ ಬಿಚ್ಚಿದ ಚಕ್ರವನ್ನು ಬಾಗಿಲ ಪಟ್ಟಿಯ ಕೆಳಗೆ ಮಲಗಿಸಿಡಿ. ಇಟ್ಟಿಗೆ, ಹಾಲೋ ಬ್ಲಾಕ್ ಇಡಲೇಬಾರದು. ಅವು ಸೀಳು ಬಿಡದೆ, ಸದ್ದು ಮಾಡದೆ ಒಂದೇ ಸಲ ಪುಡಿಯಾಗುತ್ತವೆ. ಮನೆಯಲ್ಲಿ ಯಾರಿಗಾದರೂ ಹೇಳಿಯೇ ಕೆಳಗೆ ಹೋಗಿ.

ಎಂಜಿನ್ ಆಯಿಲ್ ಮನೆಯಲ್ಲೇ ಬದಲಾಯಿಸಬಹುದಾ? ಹಳೇ ಆಯಿಲ್ ಏನು ಮಾಡೋದು?

ಧಾರಾಳವಾಗಿ. ಎಂಜಿನ್ ಸ್ವಲ್ಪ ಬೆಚ್ಚಗಿದ್ದಾಗ, ಸುಡುವಷ್ಟು ಬಿಸಿಯಿದ್ದಾಗ ಅಲ್ಲ, ಚೇಂಬರಿನ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ) 17 ನಂಬರ್ ಬೋಲ್ಟ್ ಬಿಚ್ಚಿ. ಅದಕ್ಕೆ ಮೊದಲು ಮೇಲಿನ ಆಯಿಲ್ ಮುಚ್ಚಳ ಬಿಡಿಸಿಕೊಳ್ಳಿ. ಚೇಂಬರ್ ಖಾಲಿಯಾದ ಮೇಲೆ ಮುಚ್ಚಳ ಬರಲಿಲ್ಲ ಅಂದರೆ ಗಾಡಿ ಅಲ್ಲೇ ನಿಂತಂತೆ. ಬೋಲ್ಟಿನ ಅಲ್ಯೂಮಿನಿಯಂ ವಾಷರ್ ಪ್ರತಿ ಸಲ ಹೊಸದು ಹಾಕಿ. ಅದು ಅಪ್ಪಚ್ಚಿಯಾಗಿಯೇ ಸೋರಿಕೆ ತಡೆಯುತ್ತದೆ, ಎರಡನೇ ಸಲಕ್ಕೆ ಬರುವುದಿಲ್ಲ. ವಾಷರಿನ ದುಡ್ಡು ಉಳಿಸಲು ಹೋಗಿ ಬೋಲ್ಟನ್ನು ಅತಿಯಾಗಿ ಬಿಗಿದು, ಚೇಂಬರಿನ ಮರೆಯನ್ನೇ (ಬೋಲ್ಟ್ ಕೂರುವ ತಿರುಪಿನ ಗೆರೆ) ಕಿತ್ತವರನ್ನು ನೋಡಿದ್ದೇನೆ. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಆಯಿಲ್ ಸವರಿ ಕೈಯಲ್ಲೇ ಬಿಗಿಯಿರಿ. ಹಳೇ ಫಿಲ್ಟರಿನ ರಬ್ಬರು ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯಾ ಅಂತ ಬೆರಳಾಡಿಸಿ ನೋಡಿ.

ಹಳೇ ಆಯಿಲನ್ನು ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಅವರಲ್ಲಿ ಅದನ್ನು ಕೊಳ್ಳುವವರು ಬರುತ್ತಾರೆ. ನಮ್ಮ ಕಡೆ ಗೆದ್ದಲು ಹತ್ತದಿರಲಿ ಅಂತ ಬೇಲಿ ಗೂಟಕ್ಕೆ ಬಳಿಯುವ ರೂಢಿ ಇದೆ. ಮಳೆಗೆ ಅದೆಲ್ಲ ತೊಳೆದು ಬಾವಿಗೋ ಗದ್ದೆಗೋ ಇಳಿಯುತ್ತದೆ. ದಯವಿಟ್ಟು ಬೇಡ.

ಒರಿಜಿನಲ್ ಪಾರ್ಟ್ಸೇ ಬೇಕಾ, ಲೋಕಲ್ ನಡೆಯುತ್ತಾ?

ರಬ್ಬರು ಮತ್ತು ಸೆನ್ಸರ್ ಒರಿಜಿನಲ್ಲೇ ಇರಲಿ. ಲೋಕಲ್ ಎಂಜಿನ್ ಮೌಂಟಿಂಗ್, ಬುಷ್ ಒಂದು ಮಳೆಗಾಲ ಬಂದರೆ ಜಾಸ್ತಿ. ಬ್ರೇಕ್ ಪ್ಯಾಡ್, ಫಿಲ್ಟರ್, ಬೇರಿಂಗ್‌ಗಳಲ್ಲಿ ಹೆಸರು ಮಾಡಿದ ಕಂಪನಿಗಳದ್ದು ತಗೊಂಡರೆ ತೊಂದರೆಯಿಲ್ಲ. ಬಾಗಿಲ ಹಿಡಿ, ಕನ್ನಡಿ, ಟೈಲ್ ಲ್ಯಾಂಪ್ ಇಂಥವಕ್ಕೆ ಗುಜರಿ ಮಾಲೇ ಸಾಕು. ಹೊಸ ಸ್ಪೇರಿಗೆ ಬೆಂಗಳೂರಿನ ಜೆಸಿ ರಸ್ತೆ, ಹಳೆಯದಕ್ಕೆ ಶಿವಾಜಿನಗರ. ಹೋಗುವಾಗ ಹಳೇ ಪಾರ್ಟನ್ನು ಜೊತೆಗೇ ಒಯ್ಯಿರಿ. 'ಸಿಟಿ' ಅಂದರೆ ಅಂಗಡಿಯವರಿಗೆ ನಾಲ್ಕೈದು ತಲೆಮಾರಿನ ಗಾಡಿ ಕಣ್ಣಿಗೆ ಬರುತ್ತವೆ. 2003ರ ಕೊನೆಯಿಂದ 2008ರವರೆಗಿನದು ನಮ್ಮದು, ಅದರಲ್ಲೂ ಐ-ಡಿಎಸ್‌ಐ ಎಂಜಿನ್ನಿನದು ಬೇರೆ, ವಿಟೆಕ್ ಎಂಜಿನ್ನಿನದು ಬೇರೆ.

## ದಿನಾ ಕಾಡುವ ತೊಂದರೆಗಳು

ಬೆಳಿಗ್ಗೆ ಕೀ ತಿರುಗಿಸಿದ್ರೆ ಟಕ್ ಅಂತ ಸದ್ದು ಅಷ್ಟೇ, ಸ್ಟಾರ್ಟ್ ಆಗಲ್ಲ. ಬ್ಯಾಟರಿ ಹೋಯ್ತಾ?

ಹೋಗಿರಬಹುದು. ಆದರೆ ಬ್ಯಾಟರಿ ಕೊಳ್ಳುವ ಮೊದಲು ಹತ್ತು ನಿಮಿಷ ಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. 12.2ಕ್ಕಿಂತ ಕೆಳಗಿದ್ದರೆ ಅರ್ಧಕ್ಕರ್ಧ ಖಾಲಿ. ಗಾಡಿ ಸ್ಟಾರ್ಟ್ ಆದ ಮೇಲೆ 13.5ರಿಂದ 14.5ರ ಮಧ್ಯೆ ತೋರಿಸಬೇಕು. ಅಷ್ಟು ಏರದಿದ್ದರೆ ಡೈನಮೋ ಚಾರ್ಜ್ ಮಾಡುತ್ತಿಲ್ಲ, ಹೊಸ ಬ್ಯಾಟರಿಯೂ ನಾಲ್ಕು ದಿನದಲ್ಲಿ ಮಲಗುತ್ತದೆ.

ನನ್ನ ಗಾಡಿಯ ಕತೆ ಕೇಳಿ. ಐದು ವರ್ಷದ ಹಿಂದೆ ಇದೇ ಟಕ್ ಸದ್ದು. ಆಗ ನನಗೆ ಕರೆಂಟಿನ ಕೆಲಸ ಅಂದರೆ ಭಯ. ಒಂದು ಗ್ಯಾರೇಜಿನಲ್ಲಿ ಬಿಟ್ಟೆ. ಬ್ಯಾಟರಿ ಬದಲಾಯಿಸಿದರು. ಎರಡು ವಾರಕ್ಕೆ ಮತ್ತೆ ಅದೇ. ಸೆಲ್ಫ್ ಮೋಟಾರ್ ಬದಲಾಯಿಸಿದರು. ಒಂದು ತಿಂಗಳಿಗೆ ಮತ್ತೆ ಅದೇ, ಅದೂ ಸಾಗರದಲ್ಲಿ, ಮಳೆಯಲ್ಲಿ, ಮಗಳ ಪರೀಕ್ಷೆಯ ದಿನ. ಗಾಡಿ ತಳ್ಳಿ ಸ್ಟಾರ್ಟ್ ಮಾಡಿಕೊಂಡು ಊರಿಗೆ ಬಂದು, ಸಿಟ್ಟಿನಲ್ಲೇ ಮೀಟರ್ ತಂದೆ.

ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಲೋಹಕ್ಕೆ ಒತ್ತಿ ಹಿಡಿದು, ಹೆಂಡತಿಗೆ ಕೀ ತಿರುಗಿಸಲು ಹೇಳಿದೆ. ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕು. ನನಗೆ ಬಂದದ್ದು 4.1. ಅಂದರೆ ಸೆಲ್ಫಿಗೆ ಹೋಗಬೇಕಾದ ಶಕ್ತಿಯಲ್ಲಿ ಮೂರನೇ ಒಂದು ಪಾಲು ಅರ್ಥಿಂಗ್ ದಾರಿಯಲ್ಲೇ ಕರಗುತ್ತಿತ್ತು. ಬ್ಯಾಟರಿ ತಟ್ಟೆ ಎತ್ತಿದೆ. ಗೇರ್‌ಬಾಕ್ಸಿನಿಂದ ಬಾಡಿಗೆ ಬರುವ ಅರ್ಥ್ ವೈರಿನ ತುದಿ ಕಂಡಿತು. ಮೇಲೆ ನೋಡಿದರೆ ಬೋಲ್ಟ್ ಬಿಗಿಯಾಗಿಯೇ ಇತ್ತು. ಬಿಚ್ಚಿದರೆ ಅದರ ಕೆಳಗೆ ಹಸಿರು ಪುಡಿ, ಸುಣ್ಣದಂತೆ ಉದುರಿತು. ತಂತಿಯ ಎಳೆಗಳಲ್ಲಿ ಅರ್ಧ ಸವೆದು ಹೋಗಿದ್ದವು. ಹೊಸ ವೈರು ಹಾಕಿ, ಬಾಡಿಯ ಜಾಗವನ್ನು ಉಪ್ಪುಕಾಗದದಿಂದ ಹೊಳೆಯುವ ತನಕ ತಿಕ್ಕಿ, ಬೋಲ್ಟ್ ಬಿಗಿದು, ಮೇಲೆ ವ್ಯಾಸಲಿನ್ ಸವರಿದೆ. ಮತ್ತೆ ಮೀಟರ್ ಹಿಡಿದರೆ 0.2.

ಅವತ್ತಿನಿಂದ, ಅಳೆಯದೆ ಯಾವ ಪಾರ್ಟನ್ನೂ ಕೊಂಡಿಲ್ಲ. ಇದನ್ನು ಓದುವವರಿಗೂ ನಾನು ಹೇಳಬೇಕಾದದ್ದರಲ್ಲಿ ಇದೇ ದೊಡ್ಡದು.

ಇಲಿ ವೈರ್ ಕಡಿದಿದೆ. ಟೇಪ್ ಸುತ್ತಿದ್ರೆ ಸಾಕಾ?

ಮನೆ ಮುಟ್ಟಲು ಸಾಕು, ಆಮೇಲೆ ಸಾಲದು. ತಿರುಚಿ ಟೇಪ್ ಸುತ್ತಿದ ಜೋಡಣೆ ಎಂಜಿನ್ನಿನ ಬಿಸಿಗೆ ಅಂಟು ಬಿಟ್ಟು, ಒಳಗೆ ತೇವ ಹೋಗಿ, ಆರು ತಿಂಗಳಿಗೆ ಕೊಳೆಯುತ್ತದೆ. ಬ್ಯಾಟರಿಯ ಮೈನಸ್ ಮೊದಲು ತೆಗೆಯಿರಿ. ಕಡಿದ ಜಾಗದ ಎರಡೂ ಕಡೆ ತಾಮ್ರ ಕೆಂಪಗೆ ಕಾಣುವ ತನಕ ಕತ್ತರಿಸಿ. ಅಷ್ಟೇ ದಪ್ಪದ ವೈರಿನ ತುಂಡು ಸೇರಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ಹಾಕಿ. ಪಕ್ಕಪಕ್ಕದ ವೈರುಗಳ ಜೋಡಣೆ ಒಂದೇ ಜಾಗದಲ್ಲಿ ಬರದಂತೆ ಹಿಂದೆ ಮುಂದೆ ಮಾಡಿ.

ಒಂದು ವೈರ್ ಕಡಿದಿದೆ ಅಂದರೆ ಇನ್ನೊಂದೂ ಕಡಿದಿರುತ್ತದೆ, ಹುಡುಕಿ. ತಡೆಯಲು ಹೊಗೆಸೊಪ್ಪು, ಫಿನೈಲ್, ನುಸಿಗುಳಿಗೆ ಎಲ್ಲ ನೋಡಿದೆ. ನನಗೆ ಕೆಲಸಕ್ಕೆ ಬಂದದ್ದು ಎರಡೇ. ಕೆಳಗಿನಿಂದ ಹತ್ತುವ ದಾರಿಗೆ ತಂತಿಬಲೆ, ಮತ್ತೆ ರಾತ್ರಿ ಬಾನೆಟ್ ಎತ್ತಿಡುವುದು. ಬೆಳಕು, ಗಾಳಿ ಇರುವ ಜಾಗದಲ್ಲಿ ಇಲಿ ಗೂಡು ಕಟ್ಟುವುದಿಲ್ಲ.

ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ನಡುಗುತ್ತೆ, ಮೈಲೇಜೂ ಬಿದ್ದಿದೆ. ಪ್ಲಗ್ ಮೊನ್ನೆ ತಾನೇ ಹಾಕಿಸಿದ್ದೀನಿ.

ಎಷ್ಟು ಪ್ಲಗ್ ಹಾಕಿಸಿದಿರಿ? ನಾಲ್ಕು ಅಂದರೆ ಅರ್ಧ ಕೆಲಸವಾಗಿದೆ. ಐ-ಡಿಎಸ್‌ಐ ಎಂಜಿನ್ನಿನಲ್ಲಿ ಸಿಲಿಂಡರಿಗೆ ಎರಡರಂತೆ ಎಂಟು ಪ್ಲಗ್. ಮುಂದೆ ನಾಲ್ಕು, ಹಿಂದೆ ನಾಲ್ಕು. ಮುಂದಿನವು ಬಾನೆಟ್ ಎತ್ತಿದರೆ ಕಣ್ಣಿಗೇ ಕಾಣುತ್ತವೆ. ಹಿಂದಿನವು ವೈಪರ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಅಡಿಗೆ ಅಡಗಿ ಕೂತಿವೆ. ವೈಪರ್ ಕೈಗಳು, ಆ ತಟ್ಟೆ ಎಲ್ಲ ಬಿಚ್ಚಬೇಕು. ಬೇಜಾರಿನ ಕೆಲಸ, ಅದಕ್ಕೇ ಅವುಗಳನ್ನು ಬಿಟ್ಟುಬಿಡುವುದು ಜಾಸ್ತಿ.

ನಾನು ಈ ಗಾಡಿ ಕೊಂಡ ಮೇಲೆ ಮೊದಲ ಸಲ ಆ ತಟ್ಟೆ ತೆಗೆದಾಗ ಒಳಗೆ ಬೇವಿನ ಒಣ ಎಲೆ ತುಂಬಿತ್ತು. ಯಾರೂ ಅಲ್ಲಿಗೆ ಕೈ ಹಾಕಿರಲೇ ಇಲ್ಲ. ಹಿಂದಿನ ನಾಲ್ಕು ಪ್ಲಗ್‌ಗಳ ತುದಿ ಸವೆದು, ಸಂದು ಮುಂದಿನವುಗಳ ಎರಡರಷ್ಟಾಗಿತ್ತು. ಎಂಟೂ ಒಟ್ಟಿಗೆ ಬದಲಾಯಿಸಿ ಸ್ಟಾರ್ಟ್ ಮಾಡಿದಾಗ ಸ್ಟಿಯರಿಂಗ್ ಮೇಲಿನ ನಡುಕ ನಿಂತದ್ದು ಅಂಗೈಗೇ ಗೊತ್ತಾಯಿತು.

ಎಂಜಿನ್ ಪೂರಾ ತಣ್ಣಗಿದ್ದಾಗಲೇ ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ಗುಂಡಿಯ ಧೂಳನ್ನು ಗಾಳಿ ಹಾಕಿ ಹಾರಿಸಿ, ಇಲ್ಲದಿದ್ದರೆ ಮಣ್ಣು ನೇರ ಸಿಲಿಂಡರಿಗೆ. ಹೊಸದನ್ನು ಮೊದಲು ರಬ್ಬರ್ ಪೈಪಿನ ತುಂಡಿಗೆ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿ. ಮರೆ ಅಡ್ಡ ಹಿಡಿದರೆ ಪೈಪು ಜಾರುತ್ತದೆ, ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳದ ಭಾಗ) ಉಳಿಯುತ್ತದೆ. ನಿಮ್ಮದು ವಿಟೆಕ್ ಆಗಿದ್ದರೆ ನಾಲ್ಕೇ ಪ್ಲಗ್, ಈ ಪಾಡಿಲ್ಲ.

ಎಂಟೂ ಹೊಸದಾಗಿದ್ದರೂ ನಡುಗಿದರೆ ಥ್ರಾಟಲ್ ಬಾಡಿ, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಬಾಯಿ, ಒರೆಸಿ. ಬ್ಯಾಟರಿ ತೆಗೆದು ಹಾಕಿದ ಮೇಲೆ ಐಡಲ್ (ನಿಂತಾಗಿನ ಎಂಜಿನ್ ವೇಗ) ಏರುಪೇರಾದರೆ ಹೆದರಬೇಡಿ. ಎಸಿ, ಲೈಟು ಎಲ್ಲ ಆರಿಸಿ, ರೇಡಿಯೇಟರ್ ಫ್ಯಾನ್ ತಿರುಗುವ ತನಕ 3000 ಆರ್‌ಪಿಎಂನಲ್ಲಿ ಹಿಡಿದು, ಆಮೇಲೆ ಐದು ನಿಮಿಷ ಎಕ್ಸಲೇಟರ್ ಮುಟ್ಟದೆ ಬಿಡಿ. ಕಂಪ್ಯೂಟರ್ ಮತ್ತೆ ಕಲಿತುಕೊಳ್ಳುತ್ತದೆ.

ಸಣ್ಣ ಹಂಪ್ ಹತ್ತಿದ್ರೂ ಮುಂದೆ ಲೊಟ ಲೊಟ ಸದ್ದು. ಶಾಕ್ ಅಬ್ಸಾರ್ಬರ್ ಹೋಯ್ತು ಅಂತಾರೆ.

ಅದಕ್ಕೆ ಮೊದಲು ಲಿಂಕ್ ರಾಡ್ (ಸಸ್ಪೆನ್ಷನ್ನಿನಲ್ಲಿ ಎರಡೂ ತುದಿಗೆ ಕೀಲಿರುವ ಚಿಕ್ಕ ಸರಳು) ನೋಡಿ. ಚಿಕ್ಕ ಚಿಕ್ಕ ಗುಂಡಿಯಲ್ಲಿ, ನಿಧಾನ ಹೋಗುವಾಗ ಲೊಟ ಲೊಟ ಅಂದರೆ ಬಹಳ ಸಲ ಅದೇ. ಚಕ್ರದ ಹಿಂದೆ ಕೈ ಹಾಕಿ ರಾಡನ್ನು ಹಿಡಿದು ಅಲ್ಲಾಡಿಸಿದರೆ ಸಡಿಲ ಸಿಗುತ್ತದೆ. ಶಾಕ್ ಅಬ್ಸಾರ್ಬರಿಗಿಂತ ಎಷ್ಟೋ ಅಗ್ಗ. ಬ್ರೇಕ್ ಹಿಡಿದಾಗ ಒಂದೇ ಒಂದು ಧಡ್ ಅಂದರೆ ಲೋವರ್ ಆರ್ಮ್ ಬುಷ್. ಸ್ಟಿಯರಿಂಗ್ ಪೂರಾ ತಿರುಗಿಸಿ ಹೊರಟಾಗ ಕಟಕಟ ಅಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್, ರಬ್ಬರ್ ಬೂಟ್ ಹರಿದು ಗ್ರೀಸ್ ಎರಚಿರುತ್ತದೆ. ವೇಗ ಏರಿದಂತೆ ಗುಂಯ್ ಅನ್ನುವ ಸದ್ದು, ತಿರುವಿನಲ್ಲಿ ಹೆಚ್ಚುಕಡಿಮೆ ಆಗುತ್ತಿದ್ದರೆ ಚಕ್ರದ ಬೇರಿಂಗ್. ಶಾಕ್ ಅಬ್ಸಾರ್ಬರ್ ಹೋದರೆ ಸದ್ದಿಗಿಂತ ಮೊದಲು ತೂಗಾಟ ಕಾಣುತ್ತದೆ, ಮೈಮೇಲೆ ಆಯಿಲ್ ಇಳಿದಿರುತ್ತದೆ.

ಎಸಿ ತಣ್ಣಗಾಗ್ತಿಲ್ಲ. ಗ್ಯಾಸ್ ನಾನೇ ತುಂಬಬಹುದಾ?

ಬೇಡ. ಆರ್134ಎ ಗ್ಯಾಸು ಒತ್ತಡದಲ್ಲಿರುತ್ತದೆ, ಚರ್ಮ ಸುಡುವಷ್ಟು ತಣ್ಣಗೆ ಚಿಮ್ಮುತ್ತದೆ. ಅಳತೆ ಮತ್ತು ವ್ಯಾಕ್ಯೂಮ್ ಎರಡೂ ಬೇಕು. ನೀವು ಮಾಡಬಹುದಾದದ್ದು ಮುಂದಿನ ಕಂಡೆನ್ಸರ್ ಜಾಲರಿಯಲ್ಲಿ ಕೂತ ಹುಳು, ಕೆಸರು ತೊಳೆಯುವುದು. ಸಣ್ಣ ಧಾರೆಯ ನೀರು ಸಾಕು, ಪ್ರೆಷರ್ ಗನ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಎಸಿ ಹಾಕಿದಾಗ ಮುಂದಿನ ಎರಡೂ ಫ್ಯಾನ್ ತಿರುಗುತ್ತಿವೆಯಾ ನೋಡಿ.

ಹೆಡ್‌ಲೈಟ್ ಹಳದಿಯಾಗಿ ರಾತ್ರಿ ಏನೂ ಕಾಣಲ್ಲ.

800, 1500, 2000 ನಂಬರಿನ ನೀರುಕಾಗದ (ನೀರಲ್ಲಿ ಉಜ್ಜುವ ಉಪ್ಪುಕಾಗದ), ಈ ಕ್ರಮದಲ್ಲಿ, ನೀರು ಹಾಕಿಕೊಂಡು ಉಜ್ಜಿ. ಆಮೇಲೆ ರಬ್ಬಿಂಗ್ ಪಾಲಿಷ್. ಬೆಳ್ಳಗಾಗುತ್ತದೆ. ಮೇಲೆ ಬಿಸಿಲು ತಡೆಯುವ ಕೋಟಿಂಗ್ ಹಾಕದಿದ್ದರೆ ವರ್ಷಕ್ಕೆ ಮತ್ತೆ ಮಂಕು.

## ಕೈ ಪಳಗಿದ ಮೇಲೆ

ಬ್ರೇಕ್ ಪ್ಯಾಡ್ ನಾನೇ ಬದಲಾಯಿಸ್ಬೇಕು ಅಂತಿದ್ದೀನಿ. ಹೆದರಬೇಕಾ?

ಹೆದರಿಕೆ ಇರಲಿ, ಒಳ್ಳೆಯದೇ. ಮೊದಲ ಸಲ ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದು ಕಡೆ ಪೂರ್ತಿ ಮುಗಿಸಿದ ಮೇಲೆ ಇನ್ನೊಂದು ಕಡೆ ಬಿಚ್ಚಿ. ಅನುಮಾನ ಬಂದರೆ ನೋಡಿಕೊಳ್ಳಲು ಒಂದು ಮಾದರಿ ಉಳಿದಿರುತ್ತದೆ. ಕ್ಯಾಲಿಪರನ್ನು (ಪ್ಯಾಡ್‌ಗಳನ್ನು ಒತ್ತುವ ಭಾಗ) ಬ್ರೇಕ್ ಹೋಸ್ ಮೇಲೆ ಜೋತು ಬಿಡಬೇಡಿ, ತಂತಿ ಕಟ್ಟಿ ಸ್ಪ್ರಿಂಗಿಗೆ ನೇತು ಹಾಕಿ. ಪಿಸ್ಟನ್ ಒಳಗೆ ಒತ್ತುವಾಗ ಮೇಲಿನ ಡಬ್ಬಿಯಲ್ಲಿ ಆಯಿಲ್ ಉಕ್ಕುತ್ತದೆ, ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಜಾರುವ ಪಿನ್‌ಗಳನ್ನು ತೆಗೆದು ಒರೆಸಿ ಬ್ರೇಕಿನದೇ ಗ್ರೀಸ್ ಹಚ್ಚಿ. ಹಳೇ ಗಾಡಿಯಲ್ಲಿ ಒಂದೇ ಪ್ಯಾಡ್ ಸವೆಯುವುದಕ್ಕೆ ಕಾರಣ ಆ ಪಿನ್ ಹಿಡಿದಿರುವುದು. ಧೂಳನ್ನು ಬಾಯಿಂದ ಊದಬೇಡಿ.

ಎಲ್ಲ ಮುಗಿದ ಮೇಲೆ, ಗಾಡಿ ತೆಗೆಯುವ ಮೊದಲೇ, ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಮೊದಲ ಎರಡು ಮೂರು ಸಲ ಅದು ತಳಕ್ಕೇ ಹೋಗುತ್ತದೆ. ಅದು ಗೇಟಿನ ಮುಂದೆ ಗೊತ್ತಾಗಬಾರದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಬದಲಾಗಲೇಬೇಕು. ಹಿಂದಿನ ಡ್ರಮ್ ಕೆಲಸ ಸ್ಪ್ರಿಂಗುಗಳ ಗೋಜಲು. ಬಿಚ್ಚುವ ಮೊದಲು ಫೋಟೋ ತೆಗೆಯಿರಿ.

ಆಗುಂಬೆ ಘಾಟಿ ಹತ್ತುವಾಗ ಗಾಡಿ ಬಿಸಿಯಾಗುತ್ತೆ. ನೀರು ಹಾಕಿದ್ರೆ ಸರಿಹೋಗುತ್ತೆ. ಹಾಗೇ ಓಡಿಸಬಹುದಾ?

ಓಡಿಸಬೇಡಿ. ಎಂಜಿನ್ ಸಾಯುವುದು ಕಿಲೋಮೀಟರಿನಿಂದ ಅಲ್ಲ, ಹೀಗೆ ಒಂದೆರಡು ಸಲ ಕುದಿಯುವುದರಿಂದ. ಹೆಡ್ ಅಲ್ಯೂಮಿನಿಯಂ, ಬಿಸಿಗೆ ಬಾಗುತ್ತದೆ. ನೀರು ಹಾಕಬೇಕಾಗಿ ಬರುತ್ತಿದೆ ಅಂದರೆ ಅದು ಎಲ್ಲಿಗೋ ಹೋಗುತ್ತಿದೆ. ಆ ಜಾಗ ಹುಡುಕಿ.

ತಣ್ಣಗಿರುವಾಗ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಭಾಗ ನೋಡಿ. ವಯಸ್ಸಾದ ಮೇಲೆ ಅದು ಕಂದು ತಿರುಗಿ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿಸಿಯಾದಾಗ ಮಾತ್ರ ಸೋರಿ, ತಣ್ಣಗಾದಾಗ ಬಿಳಿ ಗೆರೆ ಉಳಿಸುತ್ತದೆ. ಹೋಸ್‌ಗಳನ್ನು ಹಿಸುಕಿ. ಮೆತ್ತಗೆ ಉಬ್ಬಿದ್ದರೂ, ಕಟಕಟ ಅನ್ನುವಷ್ಟು ಗಟ್ಟಿಯಾಗಿದ್ದರೂ ಬದಲಾಯಿಸಿ. ವಾಟರ್ ಪಂಪಿನ ಕೆಳಗೆ ಬಣ್ಣದ ಕಲೆ ಇದೆಯಾ ನೋಡಿ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಸೋತರೂ ಕೂಲೆಂಟ್ ಬೇಗ ಕುದಿಯುತ್ತದೆ, ಅಗ್ಗದ ಪಾರ್ಟ್, ಮೊದಲು ಅದನ್ನೇ ಬದಲಾಯಿಸಿ. ನಿಂತಾಗ ಮಾತ್ರ ಬಿಸಿಯಾಗಿ, ಓಡುವಾಗ ಸರಿಯಿದ್ದರೆ ಫ್ಯಾನ್ ಅಥವಾ ಅದರ ರಿಲೇ. ಓಡುವಾಗಲೂ ಬಿಸಿಯಾದರೆ ಥರ್ಮೋಸ್ಟಾಟ್, ಇಲ್ಲವೇ ಒಳಗೆ ಕಟ್ಟಿಕೊಂಡ ರೇಡಿಯೇಟರ್.

ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲುತ್ತಿಲ್ಲ, ಆಯಿಲ್ ಮುಚ್ಚಳದಡಿ ಕಾಫಿ ನೊರೆಯಂಥ ಜಿಡ್ಡು, ರೇಡಿಯೇಟರ್ ಬಾಯಲ್ಲಿ ಗುಳ್ಳೆ. ಇವು ಕೂಡಿ ಬಂದರೆ ಹೆಡ್ ಗ್ಯಾಸ್ಕೆಟ್. ಅದು ಮನೆ ಕೆಲಸವಲ್ಲ.

ಬಿಸಿ ಇದ್ದಾಗ ಮುಚ್ಚಳ ಮುಟ್ಟಬೇಡಿ. ನಲ್ಲಿ ನೀರು ಹಾಕಿ ಹಾಕಿ ಒಳಗೆ ತುಕ್ಕಿನ ಕೆಸರಾಗಿದ್ದರೆ ಪೂರ್ತಿ ತೊಳೆದು, ಬೆರೆಸಿಯೇ ಬರುವ ಕೂಲೆಂಟ್ ತುಂಬಿ. ಹೀಟರ್ ಬಿಸಿ ಕಡೆಗೆ ಪೂರಾ ತಿರುಗಿಸಿ, ಮುಚ್ಚಳ ತೆಗೆದಿಟ್ಟು ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವ ತನಕ ಬಿಡಿ.

ಎಂಜಿನ್ ಮೇಲೆ ಹೊಲಿಗೆ ಮೆಷಿನ್ ಥರ ಟಕಟಕ. ಟ್ಯಾಪೆಟ್ ನಾನೇ ಸೆಟ್ ಮಾಡಬಹುದಾ?

ಈ ಎಂಜಿನ್ನಿನಲ್ಲಿ ಸ್ಕ್ರೂ ಮತ್ತು ನಟ್ಟಿನ ಟ್ಯಾಪೆಟ್, ಹಾಗಾಗಿ ಮಾಡಬಹುದು. ತಾಳ್ಮೆ ಬೇಕು. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಸಂದು ಇರುವುದು ಮಿಲಿಮೀಟರಿನ ಕಾಲು ಭಾಗದ ಆಸುಪಾಸು, ಇನ್ಲೆಟ್‌ಗೆ ಕಡಿಮೆ, ಎಕ್ಸಾಸ್ಟ್‌ಗೆ ಜಾಸ್ತಿ. ಸರಿಯಾದ ಅಳತೆ ಸರ್ವಿಸ್ ಪುಸ್ತಕದಲ್ಲಿದೆ, ಬಾಯಿಮಾತಿನ ಲೆಕ್ಕ ಬೇಡ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೆಳು ಬೆಣ್ಣೆಯಲ್ಲಿ ಎಳೆದಂತೆ ಬರಬೇಕು. ನಟ್ ಬಿಗಿದ ಮೇಲೆ ಮತ್ತೆ ಅಳೆಯಿರಿ, ಬಿಗಿಯುವಾಗ ಸಂದು ಬದಲಾಗುತ್ತದೆ. ಅನುಮಾನ ಇದ್ದರೆ ಕೂದಲೆಳೆ ಸಡಿಲವೇ ಇರಲಿ. ಸಡಿಲ ಟ್ಯಾಪೆಟ್ ಸದ್ದು ಮಾಡುತ್ತದೆ ಅಷ್ಟೇ, ಬಿಗಿ ಟ್ಯಾಪೆಟ್ ಸದ್ದಿಲ್ಲದೆ ವಾಲ್ವ್ ಸುಡುತ್ತದೆ.

ಈಗ ಎಲ್ಲ ಬಂಕಲ್ಲೂ ಇ20 ಪೆಟ್ರೋಲೇ. ನಮ್ಮ ಹಳೇ ಗಾಡಿ ಏನಾಗುತ್ತೆ?

ನಮ್ಮ ಗಾಡಿಗಳು ನೂರಕ್ಕೆ 20 ಭಾಗ ಎಥನಾಲ್ ಇರುವ ಪೆಟ್ರೋಲಿಗೆ ಮಾಡಿದವಲ್ಲ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಕಡಿಮೆ, ಮೈಲೇಜ್ ಸ್ವಲ್ಪ ಬೀಳುತ್ತದೆ. ನನಗೆ ಹೆಚ್ಚಿನ ಚಿಂತೆ ಹಳೇ ರಬ್ಬರಿನದು. ಪೆಟ್ರೋಲ್ ಹೋಸ್, ಇಂಜೆಕ್ಟರ್ ಓ-ರಿಂಗ್ ಬಿರುಕು ಬಿಟ್ಟಿವೆಯಾ ಅಂತ ಆರು ತಿಂಗಳಿಗೊಮ್ಮೆ ನೋಡಿ, ಮೂಗಿಗೆ ಪೆಟ್ರೋಲ್ ವಾಸನೆ ಬಂದರೆ ಅವತ್ತೇ ನೋಡಿ. ಬದಲಾಯಿಸುವಾಗ ಎಥನಾಲ್ ತಡೆಯುವ ಹೋಸೇ ಕೇಳಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಎಥನಾಲ್ ತೇವ ಹೀರುತ್ತದೆ.

ಈ ಸಿಟಿಯ ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟಿನ ಕೆಳಗಿದೆ, ಪಂಪೂ ಫಿಲ್ಟರೂ ಅದರೊಳಗೆ. ಅಂದರೆ ಅವನ್ನು ತೆಗೆಯುವುದು ನಾವು ಕೂರುವ ಜಾಗದ ಒಳಗಿನಿಂದಲೇ. ಪೆಟ್ರೋಲ್ ಆವಿ ಅಲ್ಲೇ ತುಂಬಿಕೊಳ್ಳುತ್ತದೆ. ನಾನು ಆ ಕೆಲಸ ಗ್ಯಾರೇಜಿಗೇ ಬಿಡುತ್ತೇನೆ. ಏರ್‌ಬ್ಯಾಗ್ ವೈರಿಂಗ್, ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಬಿಚ್ಚುವುದು, ಇವೂ ಅದೇ ಪಟ್ಟಿಯಲ್ಲಿವೆ.

15 ವರ್ಷ ಮುಗೀತು. ಆರ್‌ಸಿ ಮುಂದುವರಿಸೋಕೆ ಏನು ರೆಡಿ ಮಾಡ್ಕೋಬೇಕು?

ದೆಹಲಿ ಸುತ್ತಮುತ್ತ 15 ವರ್ಷ ಮೀರಿದ ಪೆಟ್ರೋಲ್ ಗಾಡಿಗೆ ಇರುವ ಕಟ್ಟುಪಾಡು ನಮ್ಮಲ್ಲಿಲ್ಲ. ತಪಾಸಣೆ ಮಾಡಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ಐದು ವರ್ಷ ಮುಂದುವರಿಯುತ್ತದೆ. ತಪಾಸಣೆಯ ಹಿಂದಿನ ವಾರ ಕೂತು ಎಲ್ಲ ಲೈಟು, ಹಾರನ್, ವೈಪರ್, ಹ್ಯಾಂಡ್‌ಬ್ರೇಕ್, ಸೀಟ್ ಬೆಲ್ಟ್, ಟೈರ್ ನೋಡಿಕೊಳ್ಳಿ. ಹೊಗೆ ತಪಾಸಣೆಗೆ ಗಾಡಿಯನ್ನು ಅರ್ಧ ಗಂಟೆ ಓಡಿಸಿ ಬಿಸಿ ಮಾಡಿಯೇ ಒಯ್ಯಿರಿ, ತಣ್ಣನೆ ಸೈಲೆನ್ಸರ್ ಒಳ್ಳೇ ಎಂಜಿನ್ನನ್ನೂ ಕೆಟ್ಟದಾಗಿ ತೋರಿಸುತ್ತದೆ. ಚಾಸಿ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕಾಗುತ್ತದೆ. ಆ ಜಾಗವನ್ನು ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿಡಿ. ಉಪ್ಪುಕಾಗದ ಹಾಕಿ ತಿಕ್ಕಿದರೆ ಅಂಕಿ ಅಳಿಸಿ ದೊಡ್ಡ ಪಜೀತಿ.

ಹಿಂದಿನಿಂದ ನೀಲಿ ಹೊಗೆ ಬರ್ತಿದೆ. ಎಂಜಿನ್ ಬಿಚ್ಚಿಸೋ ಕಾಲ ಬಂತಾ?

ಹೊಗೆ ಯಾವಾಗ ಬರುತ್ತದೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ಬಂದು ನಿಂತರೆ ವಾಲ್ವ್ ಸೀಲ್. ಏರು ರಸ್ತೆಯಲ್ಲಿ ಎಕ್ಸಲೇಟರ್ ಒತ್ತಿದಷ್ಟೂ ಬಂದರೆ ಪಿಸ್ಟನ್ ರಿಂಗ್. ಎರಡಕ್ಕೂ ಮೊದಲು ಪಿಸಿವಿ ವಾಲ್ವ್ (ಎಂಜಿನ್ನಿನೊಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಬಿಡುವ ಚಿಕ್ಕ ವಾಲ್ವ್) ತೆಗೆದು ಅಲ್ಲಾಡಿಸಿ. ಕಟಕಟ ಅನ್ನದಿದ್ದರೆ ಅದೇ ಕಟ್ಟಿಕೊಂಡು ಎಂಜಿನ್ ಆಯಿಲ್ ಎಳೆಯುತ್ತಿರಬಹುದು. ಚಿಕ್ಕ ಪಾರ್ಟ್.

ಖಚಿತವಾಗಬೇಕಾದರೆ ಕಂಪ್ರೆಷನ್ ಗೇಜ್ ಹಿಡಿಯಿರಿ. ಪೆಟ್ರೋಲ್ ಪಂಪಿನ ರಿಲೇ ತೆಗೆದು ಗಾಡಿ ತಾನಾಗಿ ಆರುವ ತನಕ ಓಡಿಸಿ, ಎಲ್ಲ ಇಗ್ನಿಷನ್ ಕಾಯಿಲ್‌ಗಳ ವೈರ್ ಕನೆಕ್ಟರ್ ಬಿಡಿಸಿ. ಐ-ಡಿಎಸ್‌ಐನಲ್ಲಿ ಮುಂದಿನ ನಾಲ್ಕು ಪ್ಲಗ್ ಮಾತ್ರ ಬಿಚ್ಚಿ, ಹಿಂದಿನವು ಹಾಗೇ ಇರಲಿ. ಎಂಟೂ ತೆಗೆದರೆ ಗೇಜಿಗೆ ಸಿಗಬೇಕಾದ ಗಾಳಿ ಹಿಂದಿನ ತೂತಿನಿಂದ ಹೋಗುತ್ತದೆ. ಎಕ್ಸಲೇಟರ್ ಪೂರಾ ಒತ್ತಿ, ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಇರುವುದು ಮುಖ್ಯ. ಒಂದು ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್.

ನಾಲ್ಕೂ ಸಮ ಇದ್ದು, ಸ್ವಲ್ಪ ಆಯಿಲ್ ಕುಡಿಯುತ್ತದೆ ಅಂದಮಾತ್ರಕ್ಕೆ ಎಂಜಿನ್ ಬಿಚ್ಚಿಸಬೇಡಿ. ನನ್ನ ಗಾಡಿ ಸಾವಿರ ಕಿಲೋಮೀಟರಿಗೆ 300 ಎಂಎಲ್ ಕುಡಿಯುತ್ತದೆ, ಮೂರು ವರ್ಷದಿಂದ ಅಷ್ಟೇ ಇದೆ. ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದೇನೆ. ಡಿಕ್ಕಿಯಲ್ಲಿ ಒಂದು ಲೀಟರ್ ಡಬ್ಬಿ ಇರುತ್ತದೆ, ಪ್ರತಿ ಭಾನುವಾರ ಕಡ್ಡಿ ಎಳೆದು ನೋಡುತ್ತೇನೆ. 300 ಅನ್ನುವುದು 500 ಆದ ತಿಂಗಳು ಮತ್ತೆ ಗೇಜ್ ಹಿಡಿಯುತ್ತೇನೆ.